ಸಮ್ಮತಿ ಎಂಬ ಮಾತಿನ ಚರಿತ್ರೆ

ನಾನು ಕಾನೂನನ್ನು ಓದಿದವನಲ್ಲ. ಮೂವತ್ತನಾಲ್ಕು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದವನು. ಇಂಥವನು ನ್ಯಾಯಾಲಯದ ತೀರ್ಪುಗಳನ್ನು ಕುರಿತು ಮಾತನಾಡಹೊರಟಿರುವುದಕ್ಕೆ ಎರಡು ಕಾರಣಗಳುಂಟು. ಕಾನೂನು ಕಡೆಗೂ ಮಾತುಗಳಿಂದ ಆದದ್ದು. ಮಾತಿನ ಅರ್ಥ ಎಲ್ಲಿ ಜಾರಿತೆಂದು ನೋಡುವುದು ಭಾಷೆಯ ಮೇಷ್ಟರ ಕಸುಬು. ಇದು ಮೊದಲನೆಯ ಕಾರಣ. ಎರಡನೆಯದು ಅಷ್ಟು ಸುಲಭವಾಗಿ ಹೇಳಿಕೊಳ್ಳುವಂಥದಲ್ಲ. ಸ್ವಲ್ಪ ಹೊತ್ತಿನಲ್ಲಿ ಅದಕ್ಕೆ ಬರುತ್ತೇನೆ.

ಹೆಣ್ಣಿನ ದೇಹದ ಮೇಲೆ ನಡೆಯುವ ಘೋರವಾದ ಅಪರಾಧಕ್ಕೆ ನಮ್ಮ ಭಾಷೆಯಲ್ಲಿರುವ ಹೆಸರುಗಳನ್ನು ನೋಡಿ. ‘ಮಾನಭಂಗ’ ಎನ್ನುತ್ತೇವೆ, ‘ಶೀಲಭಂಗ’ ಎನ್ನುತ್ತೇವೆ. ಮಾಡಿದವನು ಬೇರೆ, ಮುರಿದದ್ದು ಮಾತ್ರ ಅವಳ ಮಾನ, ಅವಳ ಶೀಲ. ‘ಅತ್ಯಾಚಾರ’ವೆಂಬಲ್ಲಿ ಆಚಾರವನ್ನು ಮೀರಿದ್ದೆಂಬ ಅರ್ಥವಷ್ಟೇ ಇದೆ, ಯಾರ ಮೇಲೆ ಏನು ನಡೆಯಿತೆಂಬುದರ ಸುಳಿವಿಲ್ಲ. ‘ಬಲಾತ್ಕಾರ’ವೊಂದೇ ಮಾಡಿದವನ ಕಡೆಗೆ ಬೆರಳು ತೋರುವ ಪದ. ಅದರಲ್ಲಿಯೂ ಒಂದು ತೊಡಕುಂಟು. ಬಲಪ್ರಯೋಗವಾಗಿದ್ದರೆ ಗಾಯವೆಲ್ಲಿ, ಹರಿದ ಬಟ್ಟೆಯೆಲ್ಲಿ, ಕೂಗಿದ ದನಿಯೆಲ್ಲಿ ಎಂದು ಕೇಳುವವರಿಗೆ ಆ ಪದವೇ ದಾರಿ ಮಾಡಿಕೊಡುತ್ತದೆ. 1860ರ ಭಾರತ ದಂಡ ಸಂಹಿತೆಯ 375ನೆಯ ಕಲಮು ಈ ಅಪರಾಧವನ್ನು ಕೇವಲ ಬಲದ ಮೇಲೆ ನಿಲ್ಲಿಸಿರಲಿಲ್ಲವೆಂಬುದು ಗಮನಾರ್ಹ. ಹೆಣ್ಣಿನ ಇಚ್ಛೆಗೆ ವಿರುದ್ಧವಾಗಿ ಅಥವಾ ಅವಳ ಸಮ್ಮತಿಯಿಲ್ಲದೆ ನಡೆದದ್ದು ಅಪರಾಧವೆಂದು ಅದು ಹೇಳಿತು. ಸಾವಿನ ಅಥವಾ ಪೆಟ್ಟಿನ ಭಯ ತೋರಿಸಿ ಪಡೆದ ಸಮ್ಮತಿಯು ಸಮ್ಮತಿಯಲ್ಲವೆಂದೂ ಹೇಳಿತು. ಸಮ್ಮತಿಯೆಂದರೆ ಏನು ಎಂಬುದನ್ನು ಮಾತ್ರ ಆ ಕಲಮು ಬಿಡಿಸಿ ಹೇಳಲಿಲ್ಲ. ಆ ಖಾಲಿ ಜಾಗವನ್ನು ಮುಂದಿನ ನೂರೈವತ್ತು ವರ್ಷಗಳಲ್ಲಿ ಯಾರು ಯಾರು ಹೇಗೆ ತುಂಬಿದರು, ಅದೇ ಕಾಲದಲ್ಲಿ ನಮ್ಮ ಸಂವಿಧಾನದ ಹಕ್ಕುಗಳು ಯಾವ ಅವಸ್ಥೆಯಲ್ಲಿದ್ದುವು ಎಂಬುದೇ ಈ ಹೊತ್ತಿನ ನನ್ನ ವಿಷಯ.

ಮಹಾರಾಷ್ಟ್ರದ ಪೂರ್ವದ ಅಂಚಿನಲ್ಲಿ ದೇಸಾಯಿಗಂಜ್ ಎಂಬ ಊರಿದೆ. ಇಂದು ಗಡಚಿರೋಲಿ ಜಿಲ್ಲೆಗೆ ಸೇರಿದೆ; ಆಗ ಚಂದ್ರಪುರ ಜಿಲ್ಲೆ. ಅಲ್ಲಿ ಹದಿನಾಲ್ಕರಿಂದ ಹದಿನಾರು ವರ್ಷದೊಳಗಿನ ಒಬ್ಬ ಆದಿವಾಸಿ ಹುಡುಗಿ ಇದ್ದಳು. ತಂದೆತಾಯಿಯರಿಲ್ಲ, ಅಣ್ಣನ ಆಶ್ರಯ, ಮನೆಗೆಲಸ, ಕೂಲಿ. ತಾನು ಮೆಚ್ಚಿದ ಹುಡುಗನನ್ನು ಮದುವೆಯಾಗಬೇಕೆಂದಿದ್ದಳು. ಅಣ್ಣನಿಗೆ ಅದು ಒಪ್ಪಿಗೆಯಾಗದೆ, ತಂಗಿಯನ್ನು ಅಪಹರಿಸಿದ್ದಾರೆಂದು ಪೊಲೀಸರಿಗೆ ದೂರು ಕೊಟ್ಟ. 1972ರ ಮಾರ್ಚ್ 26ರ ರಾತ್ರಿ ಎಲ್ಲರನ್ನೂ ಠಾಣೆಗೆ ಕರೆಸಿದರು. ಹೇಳಿಕೆಗಳನ್ನು ಬರೆದುಕೊಂಡು ಮುಗಿದಾಗ ಹತ್ತೂವರೆಯ ಸುಮಾರು. ಬರೆದುಕೊಂಡ ಅಧಿಕಾರಿ ಮನೆಗೆ ಹೋದ. ಮಿಕ್ಕವರು ಹೊರಡುವಾಗ ಹುಡುಗಿಯೊಬ್ಬಳನ್ನು ಇರಹೇಳಿ ಉಳಿದವರನ್ನು ಹೊರಗೆ ಕಳಿಸಿದರು. ಬಾಗಿಲು ಒಳಗಿನಿಂದ ಮುಚ್ಚಿತು, ದೀಪ ಆರಿತು. ಒಳಗಿದ್ದವರು ಒಬ್ಬ ಕಾನ್‌ಸ್ಟೇಬಲ್, ಕುಡಿದ ಒಬ್ಬ ಹೆಡ್ ಕಾನ್‌ಸ್ಟೇಬಲ್. ಹೊರಗೆ ನಿಂತಿದ್ದವರು ಹೆಸರು ಹಿಡಿದು ಕೂಗಿದರು. ಹುಡುಗಿ ಆಗಲೇ ಹೊರಟುಹೋದಳೆಂದು ಒಳಗಿನಿಂದ ಉತ್ತರ ಬಂತು. ಸ್ವಲ್ಪ ಹೊತ್ತಿನ ಮೇಲೆ ಅವಳೇ ಹೊರಗೆ ಬಂದಳು, ನಡೆದುದನ್ನು ಅಲ್ಲಿಯೇ ಹೇಳಿದಳು. ಜನ ಸೇರಿದರು. ಠಾಣೆಗೇ ಬೆಂಕಿಯಿಡುವ ಮಾತು ಬಂದಮೇಲೆ ದೂರು ದಾಖಲಾಯಿತು. ಮರುದಿನ ಸಂಜೆ ವೈದ್ಯರು ನೋಡಿ, ಮೈಮೇಲೆ ಗಾಯವಿಲ್ಲವೆಂದು ಬರೆದರು.

ಈ ಹುಡುಗಿಯ ಹೆಸರನ್ನು ನಾನು ಹೇಳುವುದಿಲ್ಲ. ಪತ್ರಿಕೆಗಳೂ ಪಠ್ಯಗ್ರಂಥಗಳೂ ಹೇಳಿವೆ; ಪ್ರಕರಣಕ್ಕೆ ಅವಳ ಹೆಸರೇ ಅಂಟಿಕೊಂಡಿದೆ. ಆದರೆ ಅವಳ ದೆಸೆಯಿಂದಲೇ ಹುಟ್ಟಿದ ಒಂದು ಕಾನೂನು ಇಂಥವರ ಹೆಸರನ್ನು ಪ್ರಕಟಿಸಬಾರದೆನ್ನುತ್ತದೆ. ಅದು ಹುಟ್ಟುವುದಕ್ಕೆ ಕಾರಣಳಾದವಳಿಗೇ ಆ ಮರ್ಯಾದೆ ಸಲ್ಲಲಿಲ್ಲ.

ಮೊಕದ್ದಮೆ ಚಂದ್ರಪುರದ ಸೆಷನ್ಸ್ ನ್ಯಾಯಾಲಯಕ್ಕೆ ಹೋಯಿತು. 1974ರ ಜೂನ್ 1ರಂದು ತೀರ್ಪು ಬಂತು: ಇಬ್ಬರೂ ನಿರ್ದೋಷಿಗಳು. ಹುಡುಗಿ ಸುಳ್ಳು ಹೇಳುವವಳು, ಮೊದಲೇ ಪುರುಷ ಸಹವಾಸದ ರೂಢಿಯಿದ್ದವಳು, ಆದ್ದರಿಂದ ನಡೆದದ್ದು ಅವಳ ಸಮ್ಮತಿಯಿಂದಲೇ ಎಂಬುದು ಆ ನ್ಯಾಯಾಧೀಶರ ತರ್ಕ. ಒಮ್ಮೆ ಒಬ್ಬನಿಗೆ ಒಲಿದವಳು ಠಾಣೆಯ ಕತ್ತಲಲ್ಲಿ ಯಾರಿಗೂ ಒಲಿಯಬಲ್ಲಳು ಎಂಬುದು ಅದರ ತಾತ್ಪರ್ಯ. ಸರ್ಕಾರ ಉಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಹೋಯಿತು. ಆ ಮನವಿ ಬಾಕಿಯಿದ್ದ ಕಾಲದಲ್ಲಿ ದೇಶಕ್ಕೆ ದೇಶವೇ ಬೇರೆಯಾಯಿತು.

1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿಯ ಘೋಷಣೆಯಾಯಿತು. ಎರಡು ದಿನ ಕಳೆದು ರಾಷ್ಟ್ರಪತಿಗಳ ಆಜ್ಞೆಯೊಂದು ಹೊರಬಂತು. ಸಂವಿಧಾನದ 14, 21 ಮತ್ತು 22ನೆಯ ವಿಧಿಗಳು ಕೊಟ್ಟ ಹಕ್ಕುಗಳಿಗಾಗಿ, ಎಂದರೆ ಸಮಾನತೆಗಾಗಿ, ಜೀವ ಮತ್ತು ದೇಹಸ್ವಾತಂತ್ರ್ಯದ ರಕ್ಷಣೆಗಾಗಿ, ಬಂಧನದ ಕಾರಣ ತಿಳಿಯುವುದಕ್ಕಾಗಿ ಯಾರೂ ನ್ಯಾಯಾಲಯದ ಬಾಗಿಲು ತಟ್ಟುವಂತಿಲ್ಲವೆಂದು ಅದು ಹೇಳಿತು. ನಾನಾಗ ಹೈಸ್ಕೂಲು ಹುಡುಗ. ರೈಲುಗಳು ಹೊತ್ತಿಗೆ ಸರಿಯಾಗಿ ಬರುತ್ತಿವೆಯೆಂದು ಹಿರಿಯರು ಮೆಚ್ಚಿಕೊಳ್ಳುತ್ತಿದ್ದುದು ಕಿವಿಯಲ್ಲಿದೆ. ಜೂನ್ 26ರಂದು ನಮ್ಮ ಬೆಂಗಳೂರಿನಲ್ಲಿಯೇ ವಾಜಪೇಯಿ, ಅದ್ವಾನಿ, ಮಧು ದಂಡವತೆ ಮೊದಲಾದವರು ಬಂಧಿತರಾದರು. ಬಂಧನವನ್ನು ಪ್ರಶ್ನಿಸುವ ಹೇಬಿಯಸ್ ಕಾರ್ಪಸ್ ಅರ್ಜಿಗಳನ್ನು ವಿಚಾರಣೆಗೆ ತೆಗೆದುಕೊಳ್ಳಬಹುದೆಂದು ಒಂಬತ್ತು ಉಚ್ಚ ನ್ಯಾಯಾಲಯಗಳು ಹೇಳಿದುವು. ಕರ್ನಾಟಕದ ಉಚ್ಚ ನ್ಯಾಯಾಲಯ ಅವುಗಳಲ್ಲೊಂದು. ಕೇಂದ್ರ ಸರ್ಕಾರ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು.

ಜಬಲ್‌ಪುರದ ಮೊಕದ್ದಮೆಯೆಂದು ಹೆಸರಾದ ಆ ವಿಚಾರಣೆಯಲ್ಲಿ ನ್ಯಾಯಮೂರ್ತಿ ಎಚ್. ಆರ್. ಖನ್ನಾ ಸರ್ಕಾರದ ಅಟಾರ್ನಿ ಜನರಲ್ ನಿರೇನ್ ಡೇ ಅವರನ್ನು ಒಂದು ಪ್ರಶ್ನೆ ಕೇಳಿದರು. 21ನೆಯ ವಿಧಿಯಲ್ಲಿ ಜೀವದ ಮಾತೂ ಇದೆಯಲ್ಲ. ಒಬ್ಬ ಪೊಲೀಸಿನವನು ಹಗೆಯಿಂದ ಯಾರನ್ನಾದರೂ ಕೊಂದರೆ, ತುರ್ತುಪರಿಸ್ಥಿತಿ ಇರುವ ತನಕ ಅದಕ್ಕೆ ನ್ಯಾಯಾಲಯದಲ್ಲಿ ಪರಿಹಾರವಿದೆಯೆ? ಇಲ್ಲವೆಂದು ಉತ್ತರ ಬಂತು. 1976ರ ಏಪ್ರಿಲ್ 28ರಂದು ಐವರಲ್ಲಿ ನಾಲ್ವರು, ಮುಖ್ಯ ನ್ಯಾಯಮೂರ್ತಿ ಎ. ಎನ್. ರೇ, ಎಂ. ಎಚ್. ಬೇಗ್, ವೈ. ವಿ. ಚಂದ್ರಚೂಡ್, ಪಿ. ಎನ್. ಭಗವತಿ, ಸರ್ಕಾರದ ಪರವಾಗಿ ತೀರ್ಪಿತ್ತರು. ಖನ್ನಾ ಒಬ್ಬರೇ ಭಿನ್ನಮತ ಬರೆದರು. ಮರುವರ್ಷ ಜನವರಿಯಲ್ಲಿ ಮುಖ್ಯ ನ್ಯಾಯಮೂರ್ತಿಯ ಸ್ಥಾನಕ್ಕೆ ಅವರ ಸರದಿ ಬಂದಾಗ ಅವರನ್ನು ದಾಟಿ ಕಿರಿಯರಾದ ಬೇಗ್ ಅವರನ್ನು ನೇಮಿಸಿದರು; ಖನ್ನಾ ರಾಜೀನಾಮೆಯಿತ್ತರು. ದ್ಯೂತಸಭೆಯ ಪ್ರಸಂಗವನ್ನು ಪಾಠ ಮಾಡುವಾಗ ವಿಕರ್ಣನ ಹೆಸರು ಬಂದಾಗಲೆಲ್ಲ ನನಗೆ ಖನ್ನಾ ನೆನಪಾಗುತ್ತಿದ್ದರು. ಹಿರಿಯರೆಲ್ಲ ಧರ್ಮದ ಸೂಕ್ಷ್ಮವನ್ನು ಹೇಳಿ ತಲೆತಗ್ಗಿಸಿದಾಗ ಕೌರವರಲ್ಲಿಯೇ ಒಬ್ಬ ಎದ್ದು ಇದು ಅನ್ಯಾಯವೆಂದ. ಅವನ ಮಾತೂ ಆ ಹೊತ್ತಿಗೆ ನಡೆಯಲಿಲ್ಲ.

ಆ ಬಹುಮತದ ತೀರ್ಪಿನಲ್ಲಿ ನ್ಯಾಯಮೂರ್ತಿ ಬೇಗ್ ಬರೆದ ಒಂದು ಮಾತುಂಟು: ಬಂಧಿತರಿಗೆ ಸರ್ಕಾರ ತೋರುತ್ತಿರುವ ಆರೈಕೆ ಹೆಚ್ಚುಕಡಮೆ ತಾಯಿಯ ಆರೈಕೆಯಂತಿದೆ ಎಂದು. ತೀರ್ಪು ಬಂದ ನಾಲ್ಕನೆಯ ದಿನ, ಮೇ 2ರಂದು, ಸ್ನೇಹಲತಾ ರೆಡ್ಡಿಯವರ ಬಂಧನವಾಯಿತು. ‘ಸಂಸ್ಕಾರ’ ಚಿತ್ರದ ಚಂದ್ರಿಯನ್ನು ನೋಡಿದವರಿಗೆ ಅವರ ಪರಿಚಯ ಬೇಕಾಗಿಲ್ಲ. ಅವರಿಗೆ ತೀವ್ರವಾದ ಉಬ್ಬಸವಿತ್ತು. ಯಾವ ಅಪರಾಧವೂ ರುಜುವಾತಾಗದೆ ಬೆಂಗಳೂರಿನ ಸೆರೆಮನೆಯಲ್ಲಿ ಎಂಟು ತಿಂಗಳಿಗೂ ಮಿಕ್ಕು ಇದ್ದು, 1977ರ ಜನವರಿ ನಡುವಿನಲ್ಲಿ ಪೆರೋಲಿನ ಮೇಲೆ ಹೊರಬಂದು, 20ನೆಯ ತಾರೀಖು ತೀರಿಕೊಂಡರು. ಅವರು ಸೆರೆಯಲ್ಲಿ ಬರೆದ ದಿನಚರಿ ಅನಂತರ ಅಚ್ಚಾಯಿತು. ತಾಯಿಯ ಆರೈಕೆಯೆಂಬ ಮಾತಿನ ಪಕ್ಕದಲ್ಲಿಟ್ಟು ಓದಬೇಕಾದದ್ದು ಅದು.

ಇನ್ನು ದೇಸಾಯಿಗಂಜಿನ ಹುಡುಗಿಯ ಕಡೆಗೆ ಬರೋಣ. ಹಕ್ಕುಗಳೆಲ್ಲ ಅಮಾನತಿನಲ್ಲಿದ್ದ ಆ 1976ರಲ್ಲಿಯೇ, ಅಕ್ಟೋಬರ್ 12ರಂದು, ಬೊಂಬಾಯಿ ಉಚ್ಚ ನ್ಯಾಯಾಲಯದ ನಾಗಪುರ ಪೀಠ ಸೆಷನ್ಸ್ ತೀರ್ಪನ್ನು ತಿರುಗಿಸಿತು. ಕಾನ್‌ಸ್ಟೇಬಲ್‌ಗೆ ಐದು ವರ್ಷ, ಹೆಡ್ ಕಾನ್‌ಸ್ಟೇಬಲ್‌ಗೆ ಒಂದು ವರ್ಷ ಸಜೆ. ಶಿಕ್ಷೆಗಿಂತ ನನಗೆ ಮುಖ್ಯವಾಗಿ ಕಂಡದ್ದು ಆ ನ್ಯಾಯಾಧೀಶರು ಮಾಡಿದ ಪದವಿವೇಕ. ಭಯದಿಂದ ಮೈ ಸೋತು ಸುಮ್ಮನಾಗುವುದು ಬೇರೆ, ಮನಸ್ಸು ಒಪ್ಪುವುದು ಬೇರೆ ಎಂದು ಅವರು ಬರೆದರು. ‘ಸಮ್ಮತಿ’ಯ ಒಳಗೆ ‘ಮತಿ’ಯಿದೆ, ಮತಿಯಿಲ್ಲದ ಕಡೆ ಇರುವುದು ಬರೀ ಸೋಲು. ವ್ಯಾಕರಣದ ಮೇಷ್ಟರೂ ಇದಕ್ಕಿಂತ ಚೆನ್ನಾಗಿ ಹೇಳಲಾರರು. ಅಪರಾಧಿಗಳು ಸರ್ವೋಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಹೋದರು.

ಅಷ್ಟರಲ್ಲಿ ಗಾಳಿ ತಿರುಗಿತು. 1977ರಲ್ಲಿ ಚುನಾವಣೆ ನಡೆದು ಸರ್ಕಾರ ಬದಲಾಯಿತು. 1978ರ ಜನವರಿಯಲ್ಲಿ, ಮನೇಕಾ ಗಾಂಧಿಯವರ ಪಾಸ್‌ಪೋರ್ಟಿನ ಮೊಕದ್ದಮೆಯಲ್ಲಿ, 21ನೆಯ ವಿಧಿ ಹೇಳುವ ಕಾನೂನಿನ ಕ್ರಮವೆಂಬುದು ನ್ಯಾಯವೂ ಯುಕ್ತವೂ ಆಗಿರಬೇಕೆಂದು ಸರ್ವೋಚ್ಚ ನ್ಯಾಯಾಲಯ ಘೋಷಿಸಿತು. ಏಪ್ರಿಲಿನಲ್ಲಿ ನಂದಿನಿ ಸತ್ಪತಿಯವರ ಮೊಕದ್ದಮೆ ಬಂತು. ಆಕೆ ಒರಿಸ್ಸಾದ ಮುಖ್ಯಮಂತ್ರಿಯಾಗಿದ್ದವರು, ಒರಿಯಾ ಭಾಷೆಯ ಲೇಖಕಿಯೂ ಹೌದು. ಅವರನ್ನು ವಿಚಾರಣೆಗಾಗಿ ಪೊಲೀಸ್ ಠಾಣೆಗೆ ಕರೆಸಿದ್ದರು. ಹೆಂಗಸರನ್ನು ಹೀಗೆ ಠಾಣೆಗೆ ಕರೆಸಕೂಡದು, ಅವರು ವಾಸವಾಗಿರುವಲ್ಲಿಗೇ ಹೋಗಿ ಕೇಳಬೇಕು ಎಂಬ ಕಾನೂನನ್ನು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಕಟುವಾಗಿಯೇ ನೆನಪಿಸಿದರು. ತುರ್ತುಪರಿಸ್ಥಿತಿಯಲ್ಲಿಯೂ 20 ಮತ್ತು 21ನೆಯ ವಿಧಿಗಳನ್ನು ಅಮಾನತಿನಲ್ಲಿಡುವಂತಿಲ್ಲವೆಂಬ ಸಂವಿಧಾನದ 44ನೆಯ ತಿದ್ದುಪಡಿಯೂ ಅದೇ ವರ್ಷದ್ದು. ಸವೆದ ಹಕ್ಕುಗಳಿಗೆ ಮತ್ತೆ ಸಾಣೆ ಹಿಡಿದ ವರ್ಷವದು.

ಆ ವರ್ಷದಲ್ಲಿಯೇ, ಸೆಪ್ಟೆಂಬರ್ 15ರಂದು, ಸರ್ವೋಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠ ಇಬ್ಬರು ಪೊಲೀಸರನ್ನೂ ಬಿಡುಗಡೆ ಮಾಡಿತು. ‘ತುಕಾರಾಮ್ ವಿರುದ್ಧ ಮಹಾರಾಷ್ಟ್ರ ರಾಜ್ಯ’ ಎಂಬುದು ಮೊಕದ್ದಮೆಯ ಹೆಸರು. ಹುಡುಗಿಯ ಮೈಮೇಲೆ ಗಾಯವಿಲ್ಲ. ಆದ್ದರಿಂದ ಅವಳು ತಡೆಯಲಿಲ್ಲ. ಅಣ್ಣ, ಬಳಗ ಹತ್ತಿರದಲ್ಲಿದ್ದೂ ಅವಳು ಕೂಗಿಕೊಳ್ಳಲಿಲ್ಲ. ಸಾವಿನ ಅಥವಾ ಪೆಟ್ಟಿನ ಭಯ ಹುಟ್ಟಿಸಿದರೆಂಬುದಕ್ಕೆ ಪುರಾವೆಯಿಲ್ಲ. ಹೀಗೆ ಒಂದೊಂದೇ ಕಲ್ಲಿಟ್ಟು ಆ ತೀರ್ಪು ಸಮ್ಮತಿಯ ಕಟ್ಟಡವನ್ನು ಕಟ್ಟಿತು. ನಾಗಪುರ ಪೀಠ ಬಿಡಿಸಿ ತೋರಿಸಿದ್ದ ಎರಡು ಮಾತುಗಳು ಮತ್ತೆ ಒಂದರೊಳಗೊಂದು ಕಲಸಿಹೋದುವು. ರಾತ್ರಿ ಹೊತ್ತು ಹುಡುಗಿಯನ್ನು ಠಾಣೆಯಲ್ಲಿ ನಿಲ್ಲಿಸಿಕೊಂಡದ್ದರ ಬಗ್ಗೆ ಅಲ್ಲಿ ಒಂದು ಖಂಡನೆಯ ಮಾತಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು. ತುರ್ತುಪರಿಸ್ಥಿತಿಯ ಕಥೆಯನ್ನು ನಾವು ಹಕ್ಕು ಕಳೆದುಕೊಂಡು ಮರಳಿ ಪಡೆದ ಕಥೆಯಾಗಿ ಹೇಳುತ್ತೇವೆ. ಸೆರೆಯಿಂದ ಹೊರಬಂದು ಮಂತ್ರಿಗಳಾದವರ ಮಟ್ಟಿಗೆ ಅದು ನಿಜ. ದೇಸಾಯಿಗಂಜಿನ ಪಂಚಾಂಗದಲ್ಲಿ ತಾರೀಖುಗಳು ಹಾಗೆ ಬೀಳಲಿಲ್ಲ. ಆ ಹುಡುಗಿಯ ಪಾಲಿಗೆ ಹಕ್ಕು ಕಳೆದದ್ದು ಘೋಷಣೆಗಿಂತ ಮೂರು ವರ್ಷ ಮೊದಲು. ರಾಷ್ಟ್ರಪತಿಗಳ ಆಜ್ಞೆಯೇ ಬೇಕಾಗಲಿಲ್ಲ, ಒಂದು ಚಿಲಕ ಸಾಕಾಯಿತು. ಪೊಲೀಸಿನವನು ಕೈಮಾಡಿದರೆ ಪರಿಹಾರವುಂಟೆ ಎಂದು ಖನ್ನಾ ಊಹೆಯಲ್ಲಿ ಕೇಳಿದ್ದು ಅವಳಿಗೆ ಆಗಿಹೋದ ಸಂಗತಿ. ಅವಳಿಗೆ ನ್ಯಾಯ ಸಿಕ್ಕಿದ್ದು ಹಕ್ಕುಗಳಿಲ್ಲದ ವರ್ಷದಲ್ಲಿ, ಅದು ಕೈತಪ್ಪಿದ್ದು ಹಕ್ಕುಗಳು ಮರಳಿದ ವರ್ಷದಲ್ಲಿ. ಒಂದು ಹಕ್ಕು ಸವೆಯಿತೆಂದು ಹೇಳುವ ಮೊದಲು ಅದು ಯಾರ ಮನೆಯ ತನಕ ಹೋಗಿತ್ತೆಂದು ಕೇಳಬೇಕಾಗುತ್ತದೆ.

ಈ ತೀರ್ಪು ಕಾನೂನಿನ ವರದಿಗಳ ಸಂಪುಟದಲ್ಲಿ ಸದ್ದಿಲ್ಲದೆ ಮಲಗಿರುತ್ತಿತ್ತೋ ಏನೋ. ಒಂದು ವರ್ಷದ ಮೇಲೆ, 1979ರ ಸೆಪ್ಟೆಂಬರ್ 16ರಂದು, ನಾಲ್ವರು ಕಾನೂನು ಅಧ್ಯಾಪಕರು, ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ರಘುನಾಥ ಕೇಳ್ಕರ್, ವಸುಧಾ ಧಾಗಮ್‌ವಾರ್, ಭಾರತದ ಮುಖ್ಯ ನ್ಯಾಯಮೂರ್ತಿಗಳಿಗೆ ಒಂದು ಬಹಿರಂಗ ಪತ್ರ ಬರೆದರು. ಆ ಸ್ಥಾನದಲ್ಲಿ ಆಗ ಇದ್ದವರು ಜಬಲ್‌ಪುರ ಮೊಕದ್ದಮೆಯ ನಾಲ್ವರಲ್ಲಿ ಒಬ್ಬರಾದ ವೈ. ವಿ. ಚಂದ್ರಚೂಡ್. ಹದಿನಾಲ್ಕು ಹದಿನಾರು ವರ್ಷದ ಹುಡುಗಿ, ಠಾಣೆಯೊಳಗೆ ಇಬ್ಬರು ಪೊಲೀಸರ ಕೈಯಲ್ಲಿ ಸಿಕ್ಕಿದ್ದಾಗ, ಕೂಗಿ ನೆರವು ಪಡೆಯಬೇಕಿತ್ತೆಂದು ನ್ಯಾಯಾಲಯ ನಿರೀಕ್ಷಿಸುತ್ತದೆಯೆ ಎಂದು ಅವರು ಕೇಳಿದರು. ಸಮ್ಮತಿಯಲ್ಲಿ ಒಳಗಾಗುವುದು ಇರಬಹುದು, ಒಳಗಾದದ್ದೆಲ್ಲ ಸಮ್ಮತಿಯಾಗದು ಎಂದರು. ಐದು ತಿಂಗಳ ಹಿಂದೆ ಸತ್ಪತಿಯವರ ಮೊಕದ್ದಮೆಯಲ್ಲಿ ತಾನೇ ಹೇಳಿದ ಮಾತು ನ್ಯಾಯಾಲಯಕ್ಕೆ ಏಕೆ ನೆನಪಾಗಲಿಲ್ಲವೆಂದೂ ಕೇಳಿದರು. ಕೆಲವೇ ಪುಟಗಳ ಪತ್ರ. ಅಧ್ಯಾಪಕ ವೃತ್ತಿಯ ಬಗ್ಗೆ ನನಗೆ ಹೆಮ್ಮೆಯೆನಿಸಿದ ಸಂದರ್ಭಗಳು ಬಹಳವಿಲ್ಲ, ಇದು ಅವುಗಳಲ್ಲೊಂದು. 1980ರಲ್ಲಿ ಬೊಂಬಾಯಿಯಲ್ಲಿ ಮಹಿಳೆಯರ ಸಂಘಟನೆಯೊಂದು ಈ ವಿಷಯಕ್ಕಾಗಿಯೇ ಹುಟ್ಟಿತು. ಮಾರ್ಚ್ 8ರಂದು ಹಲವು ನಗರಗಳಲ್ಲಿ ಹೆಂಗಸರು ಬೀದಿಗಿಳಿದು ಮರುವಿಚಾರಣೆ ಬೇಡಿದರು. ಮರುವಿಚಾರಣೆ ಆಗಲಿಲ್ಲ.

ಈಗ ನನ್ನ ಎರಡನೆಯ ಕಾರಣ. ಆ ವರ್ಷ ನಾನು ಬಿ.ಎ. ಕೊನೆಯ ತರಗತಿಯಲ್ಲಿದ್ದೆ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಏರ್ಪಟ್ಟಿತು. ವಿಷಯ ಇದೇ ತೀರ್ಪು. ನನ್ನ ಪಾಲಿಗೆ ತೀರ್ಪಿನ ಪರವಾದ ಪಕ್ಷ ಬಂತು; ಬಂತೆಂದರೆ ಸರಿಯಾಗದು, ನಾನೇ ಕೇಳಿ ತೆಗೆದುಕೊಂಡೆ. ವಾದ ಸುಲಭವೆಂದು ತೋರಿತ್ತು. ‘ಮೌನಂ ಸಮ್ಮತಿ ಲಕ್ಷಣಂ’ ಎಂಬ ನಾಣ್ಣುಡಿಯನ್ನು ಮುಂದಿಟ್ಟುಕೊಂಡು ಹತ್ತು ನಿಮಿಷ ನಿರರ್ಗಳವಾಗಿ ಮಾತನಾಡಿದೆ. ಚಪ್ಪಾಳೆ ಬಿತ್ತು. ಎದುರು ಪಕ್ಷದ ವಿದ್ಯಾರ್ಥಿನಿ ಎದ್ದು, “ರಾತ್ರಿ ಹತ್ತೂವರೆಗೆ ಪೊಲೀಸಿನವರೇ ಠಾಣೆಯ ಬಾಗಿಲು ಹಾಕಿಕೊಂಡರೆ, ನೀವಾದರೂ ಯಾರನ್ನು ಕೂಗುತ್ತಿದ್ದಿರಿ?” ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಏನೋ ಒಂದು ಚಮತ್ಕಾರದ ಮಾತಾಡಿದೆ, ಸಭೆ ನಕ್ಕಿತು, ಪ್ರಥಮ ಬಹುಮಾನ ನನಗೇ ಬಂತು. ಕಾಲೇಜಿನ ಹೆಸರು ಕೊರೆದ ಆ ಸ್ಟೀಲಿನ ಲೋಟ ಈಗಲೂ ಮನೆಯಲ್ಲಿದೆ. ಆ ವಿದ್ಯಾರ್ಥಿನಿಯ ಹೆಸರು ಮರೆತುಹೋಗಿದೆ.

ಆ ನಾಣ್ಣುಡಿಯನ್ನು ನಾನು ಕಲಿತದ್ದಾದರೂ ಎಲ್ಲಿ? ಹೆಣ್ಣು ನೋಡುವ ಶಾಸ್ತ್ರದಲ್ಲಿ. ಹುಡುಗಿಯನ್ನು ಕರೆದು ಕೂರಿಸಿ, ಒಪ್ಪಿಗೆಯೇನಮ್ಮಾ ಎಂದು ಹತ್ತು ಜನರ ಮುಂದೆ ಕೇಳುತ್ತಾರೆ. ಅವಳು ತಲೆ ತಗ್ಗಿಸುತ್ತಾಳೆ. ಮೌನಂ ಸಮ್ಮತಿ ಲಕ್ಷಣಂ ಎಂದು ಯಾರೋ ಹಿರಿಯರು ಹೇಳಿ ತಟ್ಟೆಗೆ ಕೈಯಿಡುತ್ತಾರೆ. ನಮ್ಮ ನಡುಮನೆಯ ಆ ಮಾತೇ ನ್ಯಾಯಪೀಠದ ತನಕ ನಡೆದುಹೋಗಿತ್ತು ಎಂದು ನನಗೆ ಹೊಳೆಯುವುದಕ್ಕೆ ಬಹಳ ವರ್ಷ ಬೇಕಾಯಿತು. ಒಮ್ಮೆ ಎಂ.ಎ. ತರಗತಿಯಲ್ಲಿ ದ್ಯೂತಸಭೆಯ ಪಾಠ ನಡೆದಿತ್ತು. ಹೆಣ್ಣಿನ ಮೌನವನ್ನು ಕುರಿತು ನಾನೇನೋ ವ್ಯಾಖ್ಯಾನ ಮಾಡುತ್ತಿದ್ದೆ. ಹಿಂದಿನ ಬೆಂಚಿನ ಒಬ್ಬ ಹುಡುಗಿ, “ಅಲ್ಲಿ ಸುಮ್ಮನಿದ್ದವಳು ದ್ರೌಪದಿಯಲ್ಲವಲ್ಲ ಸಾರ್, ಅವಳು ಕೇಳುತ್ತಲೇ ಇದ್ದಳು, ಸುಮ್ಮನಿದ್ದದ್ದು ಸಭೆ” ಎಂದಳು. ತನ್ನನ್ನೇ ಸೋತವನಿಗೆ ನನ್ನನ್ನು ಪಣವೊಡ್ಡುವ ಹಕ್ಕೆಲ್ಲಿಂದ ಬಂತು ಎಂಬ ದ್ರೌಪದಿಯ ಪ್ರಶ್ನೆ ಅಪ್ಪಟ ಕಾನೂನಿನ ಪ್ರಶ್ನೆ. ಅದಕ್ಕೆ ಸಭೆಯಲ್ಲಿ ನೇರವಾದ ಉತ್ತರ ಸಿಗಲಿಲ್ಲ.

ದೇಸಾಯಿಗಂಜಿನ ಪ್ರಕರಣ ದೂರದ್ದೆಂದು ತೋರಿದರೆ, ನಮ್ಮ ನಾಡಿಗೇ ಬಂದ ಒಂದು ಮೊಕದ್ದಮೆಯನ್ನು ಹೇಳುತ್ತೇನೆ. 1978ರ ಮಾರ್ಚಿಯಲ್ಲಿ ಹೈದರಾಬಾದಿನ ಒಂದು ಠಾಣೆಯಲ್ಲಿ ಒಬ್ಬ ಬಡ ಹೆಂಗಸಿನ ಮೇಲೆ ಪೊಲೀಸರು ಅತ್ಯಾಚಾರವೆಸಗಿದರೆಂದೂ ಕೇಳಲು ಬಂದ ಗಂಡನನ್ನು ಹೊಡೆದು ಕೊಂದರೆಂದೂ ಸುದ್ದಿ ಹಬ್ಬಿ ನಗರವೇ ಹೊತ್ತಿ ಉರಿಯಿತು. ನ್ಯಾಯಮೂರ್ತಿ ಮುಕ್ತದರ್ ಅವರ ವಿಚಾರಣಾ ಆಯೋಗ ಪೊಲೀಸರನ್ನು ತಪ್ಪಿತಸ್ಥರೆಂದಿತು. ಮೊಕದ್ದಮೆ ಮಾತ್ರ ಆಂಧ್ರದಿಂದ ನಮ್ಮ ರಾಯಚೂರಿಗೆ ವರ್ಗವಾಯಿತು. 1981ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. ಆ ಹೆಂಗಸಿನ ನಡತೆಯ ಮಾತೇ ಅಲ್ಲಿಯೂ ದೊಡ್ಡದಾಗಿತ್ತು.

ಪತ್ರ, ಮೆರವಣಿಗೆ, ಕಾನೂನು ಆಯೋಗದ 84ನೆಯ ವರದಿ, ಇವೆಲ್ಲ ಸೇರಿ 1983ರಲ್ಲಿ ತಿದ್ದುಪಡಿ ಕಾಯಿದೆಯಾಯಿತು. ಪೊಲೀಸರು, ಸೆರೆಮನೆಯವರು, ಆಸ್ಪತ್ರೆಯವರು ತಮ್ಮ ವಶದಲ್ಲಿರುವ ಹೆಣ್ಣಿನ ಮೇಲೆ ಎಸಗುವ ಅತ್ಯಾಚಾರ ಬೇರೆಯದೇ ಆದ, ಹೆಚ್ಚು ಘೋರವಾದ ಅಪರಾಧವಾಯಿತು. ಕನಿಷ್ಠ ಹತ್ತು ವರ್ಷ ಸಜೆ. ಅಂಥ ಪ್ರಕರಣದಲ್ಲಿ ಸಂಭೋಗ ನಡೆದದ್ದು ರುಜುವಾತಾಗಿ, ಸಮ್ಮತಿಯಿರಲಿಲ್ಲವೆಂದು ಅವಳು ಹೇಳಿದರೆ, ನ್ಯಾಯಾಲಯ ಇರಲಿಲ್ಲವೆಂದೇ ಭಾವಿಸಬೇಕು. ಸಾಕ್ಷ್ಯ ಕಾಯಿದೆಗೆ ಸೇರಿದ ಈ 114-ಎ ಕಲಮು ಚಿಕ್ಕದು, ಆದರೆ ಇಡೀ ಭಾರವನ್ನು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗ ದಾಟಿಸಿತು. ಹೆಸರು ಪ್ರಕಟಿಸಬಾರದು, ವಿಚಾರಣೆ ಮುಚ್ಚಿದ ಬಾಗಿಲೊಳಗೆ ನಡೆಯಬೇಕು ಎಂಬ ನಿಯಮಗಳೂ ಆಗಲೇ ಬಂದುವು.

ಮುಟ್ಟದೆ ಬಿಟ್ಟದ್ದೂ ಉಂಟು. ಸಾಕ್ಷ್ಯ ಕಾಯಿದೆಯ 155ನೆಯ ಕಲಮಿನ ನಾಲ್ಕನೆಯ ಉಪಕಲಮು, ದೂರಿತ್ತ ಹೆಂಗಸು ಸಾಮಾನ್ಯವಾಗಿ ಅನೀತಿಯ ನಡತೆಯವಳೆಂದು ತೋರಿಸಿ ಅವಳ ಸಾಕ್ಷ್ಯವನ್ನು ಅಲ್ಲಗಳೆಯಲು ಆರೋಪಿಗೆ ಅವಕಾಶ ಕೊಡುತ್ತಿತ್ತು. ಚಂದ್ರಪುರದ ನ್ಯಾಯಾಧೀಶರ ತರ್ಕಕ್ಕೆ ಕಾನೂನಿನಲ್ಲಿಯೇ ಇದ್ದ ಆಸರೆ ಅದು. 1872ರ ಆ ವಾಕ್ಯ ಹೋದದ್ದು 2002ರ ತಿದ್ದುಪಡಿಯಿಂದ. ನೂರಮೂವತ್ತು ವರ್ಷ ಕಕ್ಷಿದಾರರ ವಕೀಲರು ಅದನ್ನು ಎಷ್ಟು ಹೆಂಗಸರಿಗೆ ಓದಿ ಕೇಳಿಸಿದರೋ, ಎಣಿಸಿದವರಿಲ್ಲ.

ನಡುವೆ ಸಂವಿಧಾನ ನಿಧಾನವಾಗಿ ಈ ಕಡೆಗೆ ತಿರುಗಿತು. ಅತ್ಯಾಚಾರ ದಂಡ ಸಂಹಿತೆಯ ಅಪರಾಧ ಮಾತ್ರವಲ್ಲ, 21ನೆಯ ವಿಧಿ ಕೊಟ್ಟ ಬಾಳುವ ಹಕ್ಕಿನ ಭಂಗವೆಂದು ಸರ್ವೋಚ್ಚ ನ್ಯಾಯಾಲಯ 1990ರ ದಶಕದಲ್ಲಿ ಹೇಳತೊಡಗಿತು. ಮಾನಭಂಗದಿಂದ ಹಕ್ಕುಭಂಗಕ್ಕೆ ಬಂದ ಈ ದಾರಿ ಪದಗಳ ದೃಷ್ಟಿಯಿಂದ ದೊಡ್ಡ ಪ್ರಯಾಣ. ಬಾಲ್ಯವಿವಾಹ ತಡೆಯಲು ಹೋದ ರಾಜಸ್ಥಾನದ ಗ್ರಾಮ ಕಾರ್ಯಕರ್ತೆಯೊಬ್ಬರ ಮೇಲೆ 1992ರಲ್ಲಿ ಸಾಮೂಹಿಕ ಅತ್ಯಾಚಾರ ನಡೆಯಿತು. ಆ ಹಿನ್ನೆಲೆಯಿಂದ 1997ರ ವಿಶಾಖಾ ತೀರ್ಪು ಹುಟ್ಟಿತು. ಕೆಲಸದ ಸ್ಥಳದ ಲೈಂಗಿಕ ಕಿರುಕುಳಕ್ಕೆ ಕಾನೂನಿಲ್ಲದ್ದರಿಂದ ನ್ಯಾಯಾಲಯ ಸಂವಿಧಾನದಿಂದಲೇ ನಿಯಮಗಳನ್ನು ತೆಗೆದು ಕೊಟ್ಟಿತು. ಆಕೆಯ ಮೊಕದ್ದಮೆಯಲ್ಲಿ ಮಾತ್ರ ಆರೋಪಿಗಳು 1995ರಲ್ಲಿಯೇ ಅತ್ಯಾಚಾರದ ಆರೋಪದಿಂದ ಬಿಡುಗಡೆಯಾಗಿದ್ದರು. ಒಬ್ಬಳಿಗೆ ಸಿಗದ ನ್ಯಾಯ ಮುಂದಿನವರಿಗೆ ಕಾನೂನಾಗುವ ಈ ಕ್ರಮ ಮತ್ತೆ ಮತ್ತೆ ಕಾಣುತ್ತದೆ. ಅದನ್ನು ಪ್ರಗತಿಯೆಂದು ಕರೆಯಲು ನನಗೆ ನಾಲಗೆ ಏಳುವುದಿಲ್ಲ.

2012ರ ಡಿಸೆಂಬರಿನ ದೆಹಲಿಯ ಘಟನೆ ಎಲ್ಲರಿಗೂ ಗೊತ್ತು; ಅದನ್ನು ಇಲ್ಲಿ ಮತ್ತೆ ವರ್ಣಿಸುವುದಿಲ್ಲ. ನ್ಯಾಯಮೂರ್ತಿ ಜೆ. ಎಸ್. ವರ್ಮಾ ಅವರ ಸಮಿತಿ ಒಂದು ತಿಂಗಳೊಳಗೆ, 2013ರ ಜನವರಿ 23ರಂದು, ವರದಿ ಕೊಟ್ಟಿತು. ಆ ವರ್ಷದ ತಿದ್ದುಪಡಿ 375ನೆಯ ಕಲಮಿನ ಖಾಲಿ ಜಾಗವನ್ನು ಕೊನೆಗೂ ತುಂಬಿತು. ಮಾತಿನಿಂದಲೋ ಸನ್ನೆಯಿಂದಲೋ ಸಂಶಯಕ್ಕೆಡೆಯಿಲ್ಲದೆ, ಸ್ವಇಚ್ಛೆಯಿಂದ ಸೂಚಿಸಿದ ಒಪ್ಪಿಗೆಯೇ ಸಮ್ಮತಿ. ಹೆಣ್ಣು ಮೈಯಿಂದ ತಡೆಯಲಿಲ್ಲವೆಂಬ ಒಂದೇ ಕಾರಣದಿಂದ ಅವಳು ಸಮ್ಮತಿಸಿದಳೆಂದು ಭಾವಿಸತಕ್ಕದ್ದಲ್ಲ. ಇದನ್ನು ಪತ್ರಿಕೆಯಲ್ಲಿ ಓದಿದಾಗ ನನಗೆ ಆ ಸ್ಟೀಲಿನ ಲೋಟ ನೆನಪಾಯಿತು. ನಾಗಪುರದ ಪೀಠ 1976ರಲ್ಲಿ ಕಂಡುಕೊಂಡಿದ್ದ ವಿವೇಕ ಶಾಸನದ ಭಾಷೆಯಲ್ಲಿ ಅಕ್ಷರವಾಗುವುದಕ್ಕೆ ಮೂವತ್ತೇಳು ವರ್ಷ ಹಿಡಿಯಿತು.

ಜಬಲ್‌ಪುರದ ತೀರ್ಪಿಗೆ ಇನ್ನೂ ನಾಲ್ಕು ವರ್ಷ ಆಯುಸ್ಸಿತ್ತು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯ ವಿರುದ್ಧ ಹೂಡಿದ್ದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು, ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವೂ ಮೂಲಭೂತ ಹಕ್ಕೆಂದಿತು. ತನ್ನ ದೇಹದ ಮೇಲೆ ತನ್ನ ಅಧಿಕಾರವೆಂಬುದೂ ಅದರೊಳಗಿನ ಮಾತೇ. 1976ರ ಬಹುಮತದ ತೀರ್ಪು ತಪ್ಪೆಂದು ಆಗಲೇ ರದ್ದಾಯಿತು. ಅದನ್ನು ಹಾಗೆಂದು ಬರೆದವರು ವೈ. ವಿ. ಚಂದ್ರಚೂಡರ ಮಗ, ಡಿ. ವೈ. ಚಂದ್ರಚೂಡ್.

ಒಂದು ಹೊಸ್ತಿಲನ್ನು ಮಾತ್ರ ಈ ಸಮ್ಮತಿಯೆಂಬ ಮಾತು ದಾಟಲಾರದೆ ನಿಂತಿದೆ. 1860ರ ಸಂಹಿತೆ ಗಂಡನಿಗೆ ವಿನಾಯಿತಿ ಕೊಟ್ಟಿತ್ತು. ಹೆಂಡತಿಗೆ ಹತ್ತು ವರ್ಷ ತುಂಬಿದ್ದರೆ ಅವಳ ಸಮ್ಮತಿಯ ಪ್ರಶ್ನೆಯೇ ಏಳದು. ಕಲ್ಕತ್ತೆಯಲ್ಲಿ ಬಾಲಕಿಯೊಬ್ಬಳು ಗಂಡನ ಕೈಯಲ್ಲಿ ಸತ್ತಮೇಲೆ 1891ರಲ್ಲಿ ಅದು ಹನ್ನೆರಡಾಯಿತು. ಅಷ್ಟಕ್ಕೇ ಧರ್ಮ ಕೆಟ್ಟಿತೆಂದು ಟಿಳಕರಂಥವರೂ ಪ್ರತಿಭಟಿಸಿದರು. ನಮ್ಮ ಮೈಸೂರು ಸಂಸ್ಥಾನ 1894ರಲ್ಲಿ ಎಂಟು ವರ್ಷಕ್ಕೆ ಕೆಳಗಿನ ಹುಡುಗಿಯರ ಮದುವೆಯನ್ನು ಕಾನೂನಿನಿಂದ ತಡೆದು ಮುಂದೆ ನಡೆದಿತ್ತು. ಎಂಟೆಂಬುದು ಮುನ್ನಡೆಯಾಗಿದ್ದ ಕಾಲವದು. ಆ ವಯಸ್ಸು ಏರುತ್ತ 1949ರಲ್ಲಿ ಹದಿನೈದಕ್ಕೆ ಬಂದು ನಿಂತಿತು; 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಹದಿನೆಂಟಕ್ಕೆ ಏರಿಸಿತು. ವಿನಾಯಿತಿಯನ್ನೇ ತೆಗೆಯಬೇಕೆಂದು ವರ್ಮಾ ಸಮಿತಿ ಹೇಳಿತ್ತು, ಸಂಸತ್ತು ಒಪ್ಪಲಿಲ್ಲ.

2022ರ ಮಾರ್ಚಿಯಲ್ಲಿ ಬೆಂಗಳೂರಿನ ಉಚ್ಚ ನ್ಯಾಯಾಲಯದ ಮುಂದೆ ಒಬ್ಬ ಗಂಡ ಬಂದು, ತನ್ನ ಮೇಲಿನ ಅತ್ಯಾಚಾರದ ಆರೋಪವನ್ನು ಈ ವಿನಾಯಿತಿಯ ಬಲದಿಂದ ರದ್ದುಮಾಡಬೇಕೆಂದು ಬೇಡಿದ. ನ್ಯಾಯಮೂರ್ತಿ ಎಂ. ನಾಗಪ್ರಸನ್ನ ನಿರಾಕರಿಸಿದರು. ಸಂವಿಧಾನದ 14ನೆಯ ವಿಧಿ ಹೇಳುವ ಸಮಾನತೆಯನ್ನು ಆಧರಿಸಿ, ಗಂಡನಾದರೂ ಅತ್ಯಾಚಾರ ಅತ್ಯಾಚಾರವೇ ಎಂಬ ಅಭಿಪ್ರಾಯದಲ್ಲಿ ವಿಚಾರಣೆ ನಡೆಯಲಿ ಎಂದರು. ಅದೇ ವರ್ಷ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆ ಕೊಟ್ಟಿತು. ದೆಹಲಿಯ ಉಚ್ಚ ನ್ಯಾಯಾಲಯದಲ್ಲಿ ಇದೇ ವಿನಾಯಿತಿಯ ಪ್ರಶ್ನೆಗೆ ಮೇ ತಿಂಗಳಲ್ಲಿ ಇಬ್ಬರು ನ್ಯಾಯಮೂರ್ತಿಗಳು ಎರಡು ಬೇರೆ ಉತ್ತರ ಕೊಟ್ಟಿದ್ದರು. 2024ರ ಜುಲೈ 1ರಂದು 1860ರ ಸಂಹಿತೆ ತೆರೆಮರೆಗೆ ಸರಿದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂತು. ಅದರ 63ನೆಯ ಕಲಮಿನಲ್ಲಿ 2013ರ ಸಮ್ಮತಿಯ ವಿವರಣೆ ಇದೆ. ಅದರ ಕೆಳಗೆ ಕೆಲವೇ ಸಾಲುಗಳ ಅಂತರದಲ್ಲಿ ಗಂಡನ ವಿನಾಯಿತಿಯೂ ಇದೆ.